ಶಾಲೆಯ ಲೆಕ್ಕ ಯಾರ ಮುಂದೆ?

ಕಂಪನಿಯೊಂದು ಸರಕಾರಿ ಶಾಲೆಗೆ ಹಣ ಕೊಟ್ಟಿತೆಂದರೆ ಊರಿಗೆಲ್ಲ ಕಾಣುವುದು ಗೋಡೆಯ ಮೇಲೆ ಬರೆಸಿದ ಹೆಸರು. ಕಾಣದೇ ಇರುವುದು ಅದರ ಹಿಂದೆ ಓಡಾಡುವ ಕಾಗದ. ಇಷ್ಟು ಮಕ್ಕಳು ಓದಲು ಕಲಿತರು, ಇಷ್ಟು ಮಕ್ಕಳು ಭಾಗಾಕಾರ ಕಲಿತರು ಎಂಬ ವರದಿ ಮೇಲಕ್ಕೆ ಹೋಗುತ್ತದೆ. ಮುಂದಿನ ಹಣ ಅನೇಕ ವೇಳೆ ಆ ವರದಿಯ ಮೇಲೆಯೇ ನಿಂತಿರುತ್ತದೆ. ಈ ಲೆಕ್ಕದ ವಿಷಯದಲ್ಲಿ ಗಿರಣಿಯ ಬಂಧುಗಳೂ ಅಂಗಡಿಕಾರ ಮಿತ್ರರೂ ತಲೆ ಹಾಕಬೇಕೆಂಬುದು ನಮ್ಮ ಕೋರಿಕೆ. ಮಕ್ಕಳು ನಮ್ಮವರು.

ಲೆಕ್ಕವೇ ಬೇಡವೆಂದು ವಾದಿಸುವ ಮಾಸ್ತರುಗಳೂ ಇದ್ದಾರೆ. ವಿದ್ಯೆಯನ್ನು ತಕ್ಕಡಿಯಲ್ಲಿ ತೂಗಲಾದೀತೇ ಎನ್ನುತ್ತಾರೆ. ನಾನೂ ಕೆಲವು ವರ್ಷ ಸೀಮೆಸುಣ್ಣ ಹಿಡಿದವನೇ. ಈ ಮಾತನ್ನು ಒಪ್ಪಲಾರೆ. ಐದನೇ ಇಯತ್ತೆ ಮುಗಿಸಿದ ಮಗು ಅಂಗಡಿಯ ಬೋರ್ಡು ಓದಲಾರದಿದ್ದರೆ ಅದನ್ನು ಯಾರಾದರೂ ಬರೆದಿಡಲೇಬೇಕು. ಕಿರ್ದಿ ಬರೆಯದ ಅಂಗಡಿ ಎಷ್ಟು ದಿನ ನಡೆದೀತು? ನಮ್ಮ ಪ್ರಶ್ನೆ ಬೇರೆ: ಎಣಿಕೆಯೊಳಗೆ ಯಾವ ಮಕ್ಕಳು ಬರುತ್ತಾರೆ, ಹೊರಗೆ ಯಾರು ಉಳಿಯುತ್ತಾರೆ, ಎಣಿಸಿದ್ದನ್ನು ಯಾರಿಗೆ ಒಪ್ಪಿಸುತ್ತಾರೆ?

ಇದು ಇಂದಿನ ಪ್ರಶ್ನೆಯೇನಲ್ಲ. 1862ರಲ್ಲಿ ಇಂಗ್ಲೆಂಡಿನ ವಿದ್ಯಾ ಖಾತೆ ನೋಡಿಕೊಳ್ಳುತ್ತಿದ್ದ ರಾಬರ್ಟ್ ಲೋ ಎಂಬಾತ ಬಡವರ ಶಾಲೆಗಳಿಗೆ ಹೊಸ ಕಟ್ಟಳೆ ತಂದ. (ನಾಲ್ಕು ವರ್ಷಗಳ ತರುವಾಯ, ದುಡಿಯುವ ವರ್ಗಕ್ಕೆ ಮತದಾನದ ಹಕ್ಕು ವಿಸ್ತರಿಸಕೂಡದೆಂದು ಪಾರ್ಲಿಮೆಂಟಿನಲ್ಲಿ ಹಟ ಹಿಡಿದವನೂ ಇವನೇ.) ಆರು ವರ್ಷ ಮೇಲ್ಪಟ್ಟ ಮಗುವಿನ ಹೆಸರಿನಲ್ಲಿ ಶಾಲೆಗೆ ಸಿಗುವ ಹಣದಲ್ಲಿ ಎಂಟು ಶಿಲ್ಲಿಂಗು ಪರೀಕ್ಷೆಗೆ ಕಟ್ಟುಬಿತ್ತು. ಓದು, ಬರಹ, ಲೆಕ್ಕ; ಒಂದರಲ್ಲಿ ತಪ್ಪಿದರೆ ಮೂರರಲ್ಲೊಂದು ಪಾಲು ಕಡಿತ. ವರ್ಷದಲ್ಲಿ 200 ಹೊತ್ತಿಗೂ ಮೇಲ್ಪಟ್ಟು ಹಾಜರಿಯಿದ್ದ ಮಗುವಿಗೆ ಮಾತ್ರ ಈ ಪರೀಕ್ಷೆ. ಪರಿಣಾಮವೇನಾಯಿತು? ಮಾಸ್ತರು ಪಾಠ ಬಿಟ್ಟು ಬಾಯಿಪಾಠ ಹಿಡಿದ. ಪುಸ್ತಕ ತಲೆಕೆಳಗಾಗಿ ಹಿಡಿದರೂ ಮಕ್ಕಳು ತಪ್ಪಿಲ್ಲದೆ ಒಪ್ಪಿಸುತ್ತಿದ್ದರೆಂದು ಆ ಕಾಲದವರು ಹೇಳಿದ್ದುಂಟು. ಇತಿಹಾಸ, ಭೂಗೋಳ ಮೂಲೆ ಸೇರಿದವು. ಹೊಲದ ಕೆಲಸಕ್ಕೆ ಹೋಗಿ ಹಾಜರಿ ತಪ್ಪಿದ ಹುಡುಗನಿಂದ ಪರೀಕ್ಷೆಯ ಕಾಸು ಹುಟ್ಟುವಂತಿರಲಿಲ್ಲ. ಅವನನ್ನು ವಿಚಾರಿಸುವವರು ಯಾರು? ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್, ಈ ಪದ್ಧತಿಯಿಂದ ಕಲಿಸುವ ಕೆಲಸ ಯಂತ್ರದಂತಾಯಿತೆಂದು ತನ್ನ ಸರಕಾರಿ ವರದಿಗಳಲ್ಲೇ ಬರೆದ. ಆದರೂ ಅದು ಸುಮಾರು ಮೂವತ್ತು ವರ್ಷ ನಡೆಯಿತು.

ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೂಲಿ ಗಜದ ಲೆಕ್ಕದಲ್ಲಿ. ಕೊಟ್ಟ ನೂಲು ಕಳಪೆ. ಎಳೆ ಹರಿಯುತ್ತಲೇ ಇರುತ್ತದೆ, ಕಟ್ಟಿ ಕಟ್ಟಿ ಬೆರಳು ಸೋಲುತ್ತದೆ, ಪಾಳಿ ಮುಗಿದಾಗ ಬಟ್ಟೆಯೂ ಕಡಿಮೆ, ಕೂಲಿಯೂ ಕಡಿಮೆ. ಪಕ್ಕದ ಮಗ್ಗದವನಿಗೆ ಒಳ್ಳೆಯ ನೂಲು ಸಿಕ್ಕಿತ್ತು. ಮಕ್ಕಳೇನೂ ನೂಲಲ್ಲ, ಆದರೆ ಹಸಿದು ಬಂದ ಮಗುವಿಗೆ, ತಂಗಿಯನ್ನು ಎತ್ತಿಕೊಂಡು ಬಂದ ಹುಡುಗಿಗೆ ಅಕ್ಷರ ತಿದ್ದಿಸುವವನ ದುಡಿಮೆ ಸಾಹೇಬರ ಗಜಕೋಲಿಗೆ ಕಾಣುವುದಿಲ್ಲ.

ಇದೇ ಗಜಕೋಲು ಹಡಗು ಹತ್ತಿ ಮದ್ರಾಸು ಮತ್ತು ಮುಂಬಯಿ ಪ್ರಾಂತಗಳಿಗೂ ಬಂತು. ಬಳ್ಳಾರಿ, ಮಂಗಳೂರು ಆಗ ಮದ್ರಾಸಿನಲ್ಲಿ. ಧಾರವಾಡ, ಬೆಳಗಾವಿ ಮುಂಬಯಿಯಲ್ಲಿ. 1882ರಲ್ಲಿ ಹಂಟರ್ ಆಯೋಗ ವಿಚಾರಣೆಗೆ ಕುಳಿತಾಗ ಜ್ಯೋತಿಬಾ ಫುಲೆಯವರು ಸಲ್ಲಿಸಿದ ಮನವಿಯಲ್ಲಿ ಈ ಪದ್ಧತಿಯ ಮಾತೂ ಇದೆ. ಬಡವರ ನಡುವೆ, ವಿದ್ಯೆಯ ರುಚಿ ಇನ್ನೂ ಹತ್ತದ ಜನರ ನಡುವೆ ಫಲ ನೋಡಿ ಹಣ ಕೊಡುವುದು ತಕ್ಕುದಲ್ಲ. ಅಂಥಲ್ಲಿ ಯಾವ ಮಾಸ್ತರನೂ ಸ್ವಂತ ಹೊಣೆಯ ಮೇಲೆ ಶಾಲೆ ತೆಗೆಯಲಾರ, ಅದರಿಂದ ಅವನ ಜೀವನ ಸಾಗದು ಎಂಬುದು ಅವರ ವಾದ. ಸರಕಾರವೇ ಶಾಲೆ ನಡೆಸಬೇಕೆಂದರು.

ಇಷ್ಟಿದ್ದೂ ನೆಟ್ಟಗೆ ಅಳೆಯುವ ದಾರಿ ಇಲ್ಲವೆಂದಲ್ಲ. ರಾಜಸ್ಥಾನದ ಭೀಲ್ವಾಡಾ ಬಟ್ಟೆ ಗಿರಣಿಗಳಿಗೆ ಹೆಸರಾದ ಊರು. ಆ ಜಿಲ್ಲೆಯ 166 ಶಾಲೆಗಳಲ್ಲಿ 2015ರಿಂದ 2018ರವರೆಗೆ ಎಜುಕೇಟ್ ಗರ್ಲ್ಸ್ ಎಂಬ ಸಂಸ್ಥೆ ಕೆಲಸ ಮಾಡಿತು. ಮೊದಲು ಹಣ ಹಾಕಿದ್ದು ಸ್ವಿಸ್ ಬ್ಯಾಂಕೊಂದರ ಪ್ರತಿಷ್ಠಾನ. ಫಲ ಕಂಡರೆ ಲಾಭ ಸಮೇತ ತೀರಿಸುವ ಹೊಣೆ ಲಂಡನ್ನಿನ ಇನ್ನೊಂದು ನಿಧಿಯದು. ಅಳೆದವರು ಮೂರನೆಯವರು; ಈ ಕೆಲಸ ನಡೆಯದ ಊರುಗಳ ಶಾಲೆಗಳನ್ನೂ ಜತೆಗಿಟ್ಟು ನೋಡಿದರು. ಎರಡನೇ ವರ್ಷ ಮುಗಿದಾಗ ಕಲಿಕೆಯ ಒಟ್ಟು ಗುರಿಯಲ್ಲಿ ಸುಮಾರು ಅರ್ಧ ಮಾತ್ರ ಮುಟ್ಟಿತ್ತು. ಆದರೆ ಗೈರುಹಾಜರಿ ಮಕ್ಕಳೂ ಎಣಿಕೆಯೊಳಗಿದ್ದುದರಿಂದ ಅವರನ್ನು ಬಿಟ್ಟು ಮುಂದೆ ಹೋಗುವಂತಿರಲಿಲ್ಲ. ಶಾಲೆಗೆ ಬಾರದವರ ಮನೆಗೇ ಹೋಗಿ ಕಲಿಸಿದರು. ಕೊನೆಗೆ ಗುರಿಯ ನೂರಕ್ಕೆ 160ರಷ್ಟು ಸಾಧನೆಯಾಯಿತು. ಲೋ ಸಾಹೇಬನ ಲೆಕ್ಕಕ್ಕೂ ಇದಕ್ಕೂ ಇರುವ ಅಂತರ ಇದು. ಹಣ ಹಾಕಿದವರಿಗೆ ವರ್ಷಕ್ಕೆ ನೂರಕ್ಕೆ 15ರಂತೆ ಪ್ರತಿಫಲ ಬಂತು. ಅದನ್ನು ಮತ್ತೆ ಇಂಥ ಕೆಲಸಕ್ಕೇ ತೊಡಗಿಸುತ್ತೇವೆಂದಿದ್ದಾರೆ, ನಿಜ. ಹುಡುಗಿಯರ ಅಕ್ಷರದ ಮೇಲೆ ಲಾಭ ಹುಟ್ಟಿಸುವ ಏರ್ಪಾಟು ನಮಗಂತೂ ಸಮ್ಮತವಲ್ಲ. ಎಣಿಸಿದ ಕ್ರಮವನ್ನು ಕಲಿಯಲು ಅಡ್ಡಿಯಿಲ್ಲ.

ಇನ್ನು ನಮ್ಮ ಕಾನೂನು. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕು. ಇದು ಖಾವಂದರ ದಾನವಲ್ಲ. ದುಡಿದವರ ಬೆವರಿನಿಂದ ಹುಟ್ಟಿದ ಲಾಭದಲ್ಲಿ ಕಾನೂನು ಗೊತ್ತುಮಾಡಿದ ಪಾಲು. 2021ರ ತಿದ್ದುಪಡಿ ನಿಯಮದಂತೆ ಈ ಬಾಬಿನಲ್ಲಿ ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಹೊಣೆಯುಳ್ಳ ಕಂಪನಿಯು 1 ಕೋಟಿ ಮತ್ತು ಅದಕ್ಕೂ ಮೇಲಿನ ಯೋಜನೆಗಳ ಫಲವನ್ನು ಸ್ವತಂತ್ರ ಸಂಸ್ಥೆಯಿಂದ ಪರೀಕ್ಷಿಸಬೇಕು. ಒಳ್ಳೆಯದೇ. ಆ ವರದಿಯನ್ನು ಡೈರೆಕ್ಟರುಗಳ ಮಂಡಳಿಯ ಮುಂದಿಡಬೇಕೆಂದೂ ಇದೆ. ಮಗುವಿನ ತಾಯಿತಂದೆಗಳ ಮುಂದಿಡಬೇಕೆಂದು ಮಾತ್ರ ಇಲ್ಲ.

ಅದನ್ನು ನಾವೇ ಆಗಮಾಡಿಸಬೇಕು. ನಮ್ಮ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳಲ್ಲಿ ಕೂಡುವವರು ಪಾಲಕರೇ. ಹಣ ಕೊಟ್ಟ ಸಂಸ್ಥೆ ತನ್ನ ವರದಿಯನ್ನು ಕನ್ನಡದಲ್ಲಿ ಆ ಸಭೆಯಲ್ಲಿ ಓದಿ ಹೇಳಲಿ ಎಂದು ಠರಾವು ಮಾಡಿ. ಶಾಲೆಯ ಪಟ್ಟಿಯಲ್ಲಿ ಹೆಸರೆಷ್ಟು, ಪರೀಕ್ಷೆಗೆ ಕೂತವರೆಷ್ಟು ಎಂದು ಕೇಳಿ; ಎರಡಕ್ಕೂ ತಾಳೆಯಾಗದಿದ್ದರೆ ಉಳಿದ ಮಕ್ಕಳ ಹೆಸರು ಕೇಳಿ. ಶಾಲೆ ತೆರೆದ ಮೇಲೆ ನಡೆಯುವ ಮೊದಲ ಸಭೆಗೆ ಪಾಳಿ ಬದಲಿಸಿಕೊಂಡಾದರೂ ಹೋಗಿ, ಅಂಗಡಿಯನ್ನು ಒಂದು ತಾಸು ಮನೆಯವರಿಗೆ ಒಪ್ಪಿಸಿಯಾದರೂ ಹೋಗಿ.