ಓಡೋಕೆ ಜಾಗ ಕೊಡಿ

ಹೊರಟ ಬಸ್ಸಿನ ಹಿಂದೆ ನಾಲ್ಕು ಹೆಜ್ಜೆ ಓಡಿದಾಗಲೇ ನಲವತ್ತು ದಾಟಿದವನಿಗೆ ತನ್ನ ಮೈಯ ಲೆಕ್ಕ ತಿಳಿಯುವುದು. ಶಾಲೆಯಲ್ಲಿ ಓಟದ ಕಪ್ಪು ಗೆದ್ದವನೇ ಇಂದು ಕಂಡಕ್ಟರ್ ಮುಂದೆ ಏದುಸಿರು ಬಿಡುತ್ತಾನೆ. ದಿನವಿಡೀ ಗಲ್ಲಾದ ಮುಂದೆ ಕೂತ ಅಂಗಡಿಯವರ ಪಾಡೂ ಬೇರೆಯಲ್ಲ.

ವಯಸ್ಸಾಯ್ತು, ಇನ್ನೇನು ಓಡೋದು ಎನ್ನುವವರು ಫೌಜಾ ಸಿಂಗರನ್ನು ನೆನೆಯಲಿ. ಪಂಜಾಬಿನ ಈ ರೈತ ಮಗ ಸತ್ತ ದುಃಖ ಮರೆಯಲು ಮುಪ್ಪಿನಲ್ಲಿ ಓಟ ಹಿಡಿದರು. 2000ರಲ್ಲಿ, 89ನೇ ವಯಸ್ಸಿಗೆ ಲಂಡನ್ ಮ್ಯಾರಥಾನಿನ 42 ಕಿ.ಮೀ. ಮುಗಿಸಿದರು.

ಆದರೆ ಹಳೆಯ ಕಪ್ಪು ನೆನೆದು ಮೊದಲ ದಿನವೇ ಹಾರಬಾರದು. ಉಸಿರು ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತದೆ. ಮೂಳೆ, ಕೀಲುಗಳಿಗೆ ತಿಂಗಳುಗಳು ಬೇಕು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ; ಮಾತಾಡುತ್ತ ಓಡುವಷ್ಟು ವೇಗ ಸಾಕು. ಬಿಪಿ, ಸಕ್ಕರೆ, ಎದೆನೋವು ಇದ್ದವರು ಮೊದಲು ಡಾಕ್ಟರನ್ನು ಕಾಣಲಿ.

ಸರಿ, ಓಡೋದು ಎಲ್ಲಿ ಸ್ವಾಮಿ? ಕ್ರೀಡಾಂಗಣಕ್ಕೆ ಬೀಗ, ಫುಟ್‌ಪಾತಿನ ಮೇಲೆ ಬೈಕು, ಅಂಗಡಿ ಸಾಮಾನು. ಜನ ಕತ್ತಲಲ್ಲಿ ಹೆದ್ದಾರಿಗೆ ಇಳಿಯುತ್ತಾರೆ. ಅದೇ ಫೌಜಾ ಸಿಂಗ್ 2025ರ ಜುಲೈನಲ್ಲಿ ಸತ್ತದ್ದು ಮುಪ್ಪಿನಿಂದಲ್ಲ, ತಮ್ಮೂರ ಬಳಿಯ ರಸ್ತೆಯಲ್ಲಿ ವಾಹನ ಬಡಿದು.

ವರ್ತಕರು ತಮ್ಮ ಸಾಮಾನು ಒಳಗಿಡಲಿ. ಬೆಳಿಗ್ಗೆ ಐದಕ್ಕೆ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಒಂದು ತಾಸು ಮೈದಾನದ ಗೇಟು ತೆರೆದು ನಾಲ್ಕು ದೀಪ ಹಾಕಲು ದೊಡ್ಡ ಬಜೆಟ್ಟೇನೂ ಬೇಡ. ಬೀಗದ ಕೈ ಯಾರ ಜೇಬಿನಲ್ಲಿದೆಯೋ ಅವರೂ ಒಂದು ದಿನ ಬಸ್ಸಿನ ಹಿಂದೆ ಓಡಿ ನೋಡಲಿ.