ಟ್ರಿಪ್ ಆಗುವ ಪಂಪಿಗೆ ಬೈಯಬೇಡಿ

ಕಳೆದ ರಜೆಯಲ್ಲಿ ಊರಿಗೆ ಬಂದಿದ್ದಾಗ ನಮ್ಮ ಸಂಬಂಧಿಕರೊಬ್ಬರು ಹೊಸದಾಗಿ ಕಟ್ಟಿಸಿದ ಹೋಂಸ್ಟೇ ನೋಡಲು ಕರೆದರು. ಮಂಜೇಶ್ವರದ ಕಡೆ, ತೆಂಗಿನ ತೋಟದ ನಡುವೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ಮನೆಗಿಂತ ಮೊದಲು ಈಜುಕೊಳ ತೋರಿಸಿದರು. ನೀಲಿ ಟೈಲ್ಸ್, ನೀರಿನೊಳಗೆ ಬಣ್ಣ ಬದಲಾಯಿಸುವ ಲೈಟು, ಮೂಲೆಯಲ್ಲಿ ಬಿಸಿನೀರಿನ ಸ್ಪಾ. ಆಮೇಲೆ ಜೇಬಿನಿಂದ ಫೋನ್ ತೆಗೆದು, "ದುಬೈಯಲ್ಲಿ ಕೂತು ಇಲ್ಲಿಯ ಪಂಪ್ ಆನ್ ಮಾಡಬಹುದು, ನೋಡು" ಅಂದರು. ಬೆರಳು ಒತ್ತಿದರು. ನೀರು ಗುಳುಗುಳು ಅಂತ ಎದ್ದಿತು. ನಿಂತವರೆಲ್ಲ ಮಾಷಾ ಅಲ್ಲಾಹ್ ಅಂದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. "ಮಕ್ಕಳು ನೀರಿನಲ್ಲಿರುವಾಗ ಏನಾದರೂ ಆದರೆ ಇಲ್ಲಿ ನಿಂತವನು ಆಫ್ ಮಾಡುವುದು ಎಲ್ಲಿಂದ?"

ಉತ್ತರ ಇರಲಿಲ್ಲ. ಸ್ವಿಚ್ ಇದ್ದದ್ದು ಮನೆಯ ಹಿಂದಿನ ಪಂಪ್ ಕೋಣೆಯಲ್ಲಿ. ಕೋಣೆಗೆ ಬೀಗ. ಕೀಲಿ ತೋಟದ ಕೆಲಸದವನ ಹತ್ತಿರ. ಅವನು ಆ ಹೊತ್ತಿಗೆ ಪೇಟೆಗೆ ಹೋಗಿದ್ದ. ಬಗ್ಗಿ ನೋಡಿದರೆ ಕೊಳದ ತಳದಲ್ಲಿ ನೀರು ಎಳೆಯುವ ಡ್ರೈನ್ ಒಂದೇ ಒಂದು. ಅದರ ಮುಚ್ಚಳದ ಒಂದು ಸ್ಕ್ರೂ ಕಾಣೆ.

ಇದು ಸರಿಯಾಗುವ ತನಕ ಮಕ್ಕಳನ್ನು ಇಳಿಸಬೇಡಿ ಅಂದೆ. "ಕೊಳ ಕಟ್ಟಿದ ಕಂಪೆನಿಯವರಿಗೆ ಗೊತ್ತಿಲ್ಲದ್ದು ಡಿಪ್ಲೊಮಾ ಮಾಡಿದ ನಿನಗೆ ಗೊತ್ತುಂಟಾ?" ಎಂದು ಎಲ್ಲರ ಎದುರಿಗೆ ಕೇಳಿದರು. ಗೊತ್ತುಂಟು. ಹೇಗೆ ಗೊತ್ತಾಯಿತು ಎಂಬುದನ್ನೂ ಇಲ್ಲಿ ಹೇಳುತ್ತೇನೆ. ಅದು ನನಗೆ ಹೆಮ್ಮೆಯ ಕಥೆ ಅಲ್ಲ.

ಮೊದಲು ಲೆಕ್ಕ. ಇಪ್ಪತ್ತು ಸೆಂಟಿಮೀಟರ್ ಅಗಲದ ದುಂಡು ಡ್ರೈನಿನ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ವಾತಾವರಣದ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಮುಚ್ಚಳ ಕಿತ್ತುಹೋದ ಡ್ರೈನಿನ ಮೇಲೆ ಮಗು ಕೂತಿತು ಎಂದಿಟ್ಟುಕೊಳ್ಳಿ. ಪಂಪಿಗೆ ಬೇರೆ ಕಡೆಯಿಂದ ನೀರು ಸಿಗುವುದಿಲ್ಲ, ಪೈಪಿನೊಳಗೆ ನಿರ್ವಾತ ಹುಟ್ಟುತ್ತದೆ. ಅರ್ಧ ವಾತಾವರಣದಷ್ಟು ನಿರ್ವಾತ ಆದರೂ ಸಾಕು, ಆ ಮಗುವನ್ನು ಹಿಡಿದಿಡುವ ಬಲ 150 ಕಿಲೋ ದಾಟುತ್ತದೆ. ನಮ್ಮ ಅಂಗಡಿಯಲ್ಲಿ 50 ಕಿಲೋ ಅಕ್ಕಿ ಮೂಟೆ ಹೊತ್ತವನು ನಾನು. ಅಂಥ ಮೂರು ಮೂಟೆಯನ್ನು ನೀರಿನಡಿಯಿಂದ ಒಂದೇ ಸಲಕ್ಕೆ ಎತ್ತುವ ತಾಯಿ ಯಾರೂ ಇಲ್ಲ.

ಇದು ಕಾಗದದ ಮೇಲಿನ ಹೆದರಿಕೆ ಅಲ್ಲ. 2002ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಹುಡುಗಿ ಬಿಸಿನೀರಿನ ಸ್ಪಾದ ಡ್ರೈನಿಗೆ ಹೀಗೆಯೇ ಸಿಕ್ಕಿಕೊಂಡಳು. ಅವಳಿಗೆ ಈಜು ಬರುತ್ತಿತ್ತು. ತಾಯಿ ಎಳೆದರು, ಬರಲಿಲ್ಲ. ಕೊನೆಗೆ ಇಬ್ಬರು ಗಂಡಸರು ಎಳೆದ ರಭಸಕ್ಕೆ ಡ್ರೈನಿನ ಮುಚ್ಚಳವೇ ಮುರಿದು ಹುಡುಗಿ ಮೇಲೆ ಬಂದಳು, ಆದರೆ ಉಳಿಯಲಿಲ್ಲ. ಅವಳ ಅಜ್ಜ ಜೇಮ್ಸ್ ಬೇಕರ್, ಆ ದೇಶದ ವಿದೇಶಾಂಗ ಕಾರ್ಯದರ್ಶಿಯಾಗಿದ್ದವರು. ತಾಯಿ ಹೋರಾಡಿದ ಮೇಲೆ 2007ರ ಡಿಸೆಂಬರಿನಲ್ಲಿ ಹುಡುಗಿಯ ಹೆಸರಿನಲ್ಲೇ ಕಾಯಿದೆ ಬಂತು, ಒಂದು ವರ್ಷದ ನಂತರ ಜಾರಿಯಾಯಿತು. ಸಾರ್ವಜನಿಕ ಕೊಳಗಳಲ್ಲಿ ಪರೀಕ್ಷಿಸಿದ ಮುಚ್ಚಳ ಕಡ್ಡಾಯ. ಸುಲಭವಾಗಿ ಮುಚ್ಚಿಹೋಗಬಲ್ಲ ಒಂದೇ ಡ್ರೈನ್ ಇದ್ದರೆ ಇನ್ನೊಂದು ಪದರ ರಕ್ಷಣೆ ಬೇಕು. ನಿರ್ವಾತ ಹೆಚ್ಚಾದ ಕೂಡಲೇ ಅದನ್ನು ತಾನಾಗಿ ಬಿಡಿಸುವ ಉಪಕರಣ, ಅಥವಾ ಪಂಪನ್ನು ತಾನಾಗಿ ನಿಲ್ಲಿಸುವ ವ್ಯವಸ್ಥೆ, ಇಂಥವು. ದೊಡ್ಡ ಮನೆತನದ ಮಗು ಸತ್ತ ಮೇಲೂ ಕಾಯಿದೆ ಆಗಲು ಐದು ವರ್ಷ ಹಿಡಿಯಿತು. ನಮ್ಮ ಮಗು ಸತ್ತರೆ ಎಷ್ಟು ವರ್ಷ?

ಈಗ ನನ್ನ ಕಥೆ. ಡಿಪ್ಲೊಮಾ ಮುಗಿಸಿ ಗಲ್ಫಿಗೆ ಹೋದ ಮೊದಲ ಎರಡು ವರ್ಷ ನಾನು ಈಜುಕೊಳ ನಿರ್ವಹಣೆಯ ತಂಡದಲ್ಲಿದ್ದೆ. ಒಂದು ವಸತಿ ಕಟ್ಟಡದ ಕೊಳದಲ್ಲಿ ಕ್ಲೋರಿನ್ ಮತ್ತು ಆಸಿಡ್ ಹಾಕುವ ಕೆಲಸ ಯಂತ್ರದ್ದು. ನೀರಿನ ಪಿ.ಎಚ್. 7.2ರಿಂದ 7.8ರ ನಡುವೆ ಇರಬೇಕು, ಸೆನ್ಸರ್ ನೋಡುತ್ತದೆ, ಸಣ್ಣ ಡೋಸಿಂಗ್ ಪಂಪು ಹನಿಹನಿಯಾಗಿ ಬಿಡುತ್ತದೆ. ಈ ವ್ಯವಸ್ಥೆಯ ಜೀವ ಇರುವುದು ಪೈಪಿನಲ್ಲಿ ಕೂತ ಫ್ಲೋ ಸ್ವಿಚ್ ಎಂಬ ಸಣ್ಣ ವಸ್ತುವಿನಲ್ಲಿ. ದೊಡ್ಡ ಪಂಪಿನ ನೀರು ಹರಿಯುತ್ತಿದ್ದರೆ ಮಾತ್ರ ಅದು ಡೋಸಿಂಗ್ ಪಂಪಿಗೆ ಕರೆಂಟು ಬಿಡುತ್ತದೆ. ಹರಿವು ನಿಂತರೆ ಅದೂ ನಿಲ್ಲಿಸುತ್ತದೆ.

ಅಲ್ಲಿಯ ಸ್ವಿಚ್ ದಿನಕ್ಕೆ ಮೂರು ನಾಲ್ಕು ಸಲ ಡೋಸಿಂಗ್ ನಿಲ್ಲಿಸುತ್ತಿತ್ತು. ಪ್ರತಿ ಸಲ ನೀರು ಮಸುಕಾಗಿ ದೂರು ಬರುತ್ತಿತ್ತು. ಮೇಲ್ವಿಚಾರಕ ಹೇಳಿದ: ಒಂದು ತುಂಡು ವಯರ್ ಹಾಕಿ ಬೈಪಾಸ್ ಮಾಡು. ನಾನು ಮಾಡಿದೆ. ಎರಡು ಟರ್ಮಿನಲ್, ಒಂದು ಗೇಣು ವಯರ್, ಎರಡು ನಿಮಿಷದ ಕೆಲಸ. ದೂರು ನಿಂತಿತು. ಹೊಗಳಿಕೆಯೂ ಸಿಕ್ಕಿತು.

ಎರಡು ವಾರದ ನಂತರ ದೊಡ್ಡ ಪಂಪು ಯಾವುದೋ ಕಾರಣಕ್ಕೆ ನಿಂತಿತು. ಡೋಸಿಂಗ್ ಪಂಪು ನಿಲ್ಲಲಿಲ್ಲ, ನಿಲ್ಲಿಸುವವನ ಬಾಯಿಯನ್ನು ನಾನೇ ಕಟ್ಟಿದ್ದೆ. ಹರಿಯದ ಪೈಪಿನಲ್ಲಿ ಹೈಪೋಕ್ಲೋರೈಟೂ ಆಸಿಡೂ ಸೇರುತ್ತಾ ಹೋದವು. ಇವೆರಡೂ ನೇರ ಸೇರಿದರೆ ಬರುವುದು ಕ್ಲೋರಿನ್ ಅನಿಲ, ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದನ್ನೇ. ಸಂಜೆ ಯಾರೋ ಪಂಪು ಮತ್ತೆ ಆನ್ ಮಾಡಿದರು. ಪೈಪಿನಲ್ಲಿದ್ದದ್ದು ಒಮ್ಮೆಲೇ ಕೊಳಕ್ಕೆ ಬಂತು. ನೀರು ಬರುವ ಬಾಯಿಯ ಹತ್ತಿರ ಆಡುತ್ತಿದ್ದ ಮಕ್ಕಳು ಕೆಮ್ಮಿ ಕೆಮ್ಮಿ ಕುಸಿದರು. ಒಬ್ಬ ಹುಡುಗನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಎರಡು ರಾತ್ರಿ ಆಮ್ಲಜನಕದ ಮೇಲಿದ್ದ. ಬದುಕಿದ. ಆ ಎರಡು ರಾತ್ರಿ ನಾನು ಮಲಗಲಿಲ್ಲ.

ಆಮೇಲೆ ಫ್ಲೋ ಸ್ವಿಚ್ ಬಿಚ್ಚಿ ನೋಡಿದೆವು. ಅದು ಸರಿಯಾಗಿಯೇ ಇತ್ತು. ಫಿಲ್ಟರ್ ಕಟ್ಟಿಕೊಂಡು ನಿಜವಾಗಿಯೂ ಹರಿವು ಕಡಿಮೆಯಾಗುತ್ತಿತ್ತು. ಅದು ದಿನಕ್ಕೆ ನಾಲ್ಕು ಸಲ ಸತ್ಯ ಹೇಳುತ್ತಿತ್ತು. ನಾವು ಅದಕ್ಕೆ ಕಿರಿಕಿರಿ ಎಂದು ಹೆಸರಿಟ್ಟೆವು.

ನಾಚಿಕೆ ಯಾಕೆ ಹೆಚ್ಚು ಅಂದರೆ, ಈ ಪಾಠವನ್ನು ನಾನು ಸಣ್ಣದರಲ್ಲೇ ಕಲಿತಿದ್ದೆ. ಉಪ್ಪಳದ ಹತ್ತಿರ ನಮ್ಮ ಉಪ್ಪನ ಅಂಗಡಿಯಲ್ಲಿ ಅಕ್ಕಿ, ಬೆಲ್ಲ, ಮೊಳೆಗಳ ಜೊತೆ ಫ್ಯೂಸ್ ವಯರೂ ಇತ್ತು, ರಟ್ಟಿಗೆ ಸುತ್ತಿದ್ದು. ಮಳೆಗಾಲದಲ್ಲಿ ಜನ ಬರುತ್ತಿದ್ದರು: "ದಿನಾ ಫ್ಯೂಸ್ ಹೋಗ್ತದೆ, ದಪ್ಪದ ತಾಮ್ರದ ವಯರ್ ಕೊಡು." ಉಪ್ಪ ಕೊಡುತ್ತಿರಲಿಲ್ಲ. "ಫ್ಯೂಸ್ ಹೋಗುವುದು ರೋಗ ಅಲ್ಲ, ಜ್ವರ. ರೋಗ ಮನೆಯ ಒಳಗೆ ಉಂಟು, ವಯರಿಂಗ್ ನೋಡಿಸು" ಎನ್ನುತ್ತಿದ್ದರು. ಒಂದಿಬ್ಬರು ಬೈದು ಬೇರೆ ಅಂಗಡಿಗೆ ಹೋದರು. ಎರಡು ರೂಪಾಯಿಯ ವ್ಯಾಪಾರ ಬಿಟ್ಟ ಆ ಮನುಷ್ಯನ ಮಗ ನಾನು ಸಂಬಳದ ಕೊಳದಲ್ಲಿ ದಪ್ಪ ವಯರ್ ಹಾಕಿದೆ.

ಆದ್ದರಿಂದ ಆ ಹೋಂಸ್ಟೇಯಲ್ಲಿ ನನಗೆ ಕೊಟ್ಟ ಉತ್ತರಗಳನ್ನು ನಾನು ಸುಮ್ಮನೆ ಕೇಳಿಕೊಂಡು ಬರಲಾರೆ. ಒಂದೊಂದಾಗಿ ನೋಡೋಣ.

"ನಮ್ಮ ಕಡೆ ಹೀಗೆಲ್ಲ ಆಗುವುದಿಲ್ಲ." 2024ರ ನವೆಂಬರಿನಲ್ಲಿ, ತಲಪಾಡಿ ದಾಟಿದ ಕೂಡಲೇ ಸಿಗುವ ಉಚ್ಚಿಲದ ಕಡಲ ಬದಿಯ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಒಟ್ಟಿಗೆ ಮುಳುಗಿ ಸತ್ತರು. ಒಬ್ಬಳನ್ನು ಉಳಿಸಲು ಇನ್ನೊಬ್ಬಳು ಹೋದದ್ದು ಎಂದು ಪತ್ರಿಕೆಗಳು ಬರೆದವು. ಜೀವರಕ್ಷಕ ಇರಲಿಲ್ಲ ಎಂದೂ ಬರೆದವು. ಅದು ಡ್ರೈನಿನ ಕಥೆ ಅಲ್ಲ, ಆಳದ ಕಥೆ. ಆದರೆ ಆ ವಿಡಿಯೋ ನಮ್ಮ ಎಲ್ಲರ ಫೋನಿಗೂ ಬಂತು. ನೋಡಿದೆವು, ಅಯ್ಯೋ ಅಂದೆವು, ಮುಂದಿನ ತಿಂಗಳು ಮದುವೆಯ ಮರುದಿನಕ್ಕೆ ಇನ್ನೊಂದು ಕೊಳ ಬುಕ್ ಮಾಡಿದೆವು.

"ಆಯುಷ್ಯ ಬರೆದಷ್ಟೇ." ಈ ಮಾತನ್ನು ಹೇಳಿದವರು ತಮ್ಮ ಕಾರಿಗೆ ವಿಮೆ ಮಾಡಿಸಿದ್ದಾರೆ, ಗೇಟಿಗೆ ಕ್ಯಾಮೆರಾ ಇಟ್ಟಿದ್ದಾರೆ. ಮೊದಲು ಒಂಟೆಯನ್ನು ಕಟ್ಟು, ಆಮೇಲೆ ಭರವಸೆ ಇಡು ಎಂಬುದನ್ನು ಮದ್ರಸದ ಮೊದಲ ವರ್ಷದ ಮಗುವೂ ಬಲ್ಲದು. ಕಾರಿಗೆ ಹಗ್ಗ, ಮಗುವಿಗೆ ಬರೀ ಭರವಸೆ ಎಂದರೆ ಅದು ವಿಶ್ವಾಸ ಅಲ್ಲ, ಜಿಪುಣತನ.

"ಎಲ್ಲ ಆಟೊಮ್ಯಾಟಿಕ್ ಉಂಟಲ್ಲ." ನನಗೆ ಹೆಚ್ಚು ಸಿಟ್ಟು ಬಂದದ್ದು ಇದಕ್ಕೆ. ಯಾಕೆಂದರೆ ನಾನು ಆಟೊಮ್ಯಾಟಿಕ್ ಪರ. ಆದರೆ ಯಂತ್ರವನ್ನು ದೂರದಿಂದ ಆನ್ ಮಾಡುವ ಸೌಕರ್ಯ ಬೇರೆ, ಅಪಾಯವಾದಾಗ ತಾನಾಗಿ ಆಫ್ ಆಗುವ ರಕ್ಷಣೆ ಬೇರೆ. ಮೊದಲನೆಯದನ್ನು ಕೊಂಡು ಎರಡನೆಯದು ಸಿಕ್ಕಿತು ಎಂದುಕೊಂಡಿದ್ದೇವೆ. ನೀರಿನಲ್ಲಿ ಯಾರಿದ್ದಾರೆ ಎಂದು ಕಾಣದ ದೇರಾದ ಕೋಣೆಯಿಂದ ಪಂಪು ಆನ್ ಮಾಡುವುದು ರಕ್ಷಣೆ ಅಲ್ಲ, ಹೊಸ ಅಪಾಯ.

ರಕ್ಷಣೆಗೆ ಒಂದು ಕ್ರಮ ಉಂಟು. ಕರೆಂಟೇ ಬೇಡದ್ದು ಮೊದಲು: ಎರಡು ಡ್ರೈನ್, ನಡುವೆ ಕನಿಷ್ಠ ಮೂರು ಅಡಿ ಅಂತರ, ಎರಡೂ ಒಂದೇ ಪೈಪಿಗೆ. ಒಂದು ಮುಚ್ಚಿದರೆ ಪಂಪು ಇನ್ನೊಂದರಿಂದ ಎಳೆಯುತ್ತದೆ. ಉಬ್ಬಿದ, ಗಟ್ಟಿಯಾಗಿ ಕೂತ ಮುಚ್ಚಳ. ನಾಲ್ಕೂ ಬದಿಗೆ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು. ಆಮೇಲೆ ತಾನಾಗಿ ನಿಲ್ಲುವ ಯಂತ್ರಗಳು: ನಿರ್ವಾತ ಬಿಡಿಸುವ ಉಪಕರಣ, ಫ್ಲೋ ಸ್ವಿಚ್, 30 ಮಿಲಿಆಂಪಿಗೆ ಕಡಿಯುವ ಆರ್.ಸಿ.ಸಿ.ಬಿ., ನೀರಿನೊಳಗೆ 12 ವೋಲ್ಟಿನ ಲೈಟು, ಸ್ಪಾದ ನೀರು 40 ಡಿಗ್ರಿ ದಾಟದಂತೆ ತಡೆಯುವ ಸ್ವಿಚ್. ಕೊಳದ ಪಕ್ಕದಲ್ಲೇ, ಕಣ್ಣಿಗೆ ಕಾಣುವಂತೆ, ಯಾರು ಬೇಕಾದರೂ ಒತ್ತಬಹುದಾದ ಕೆಂಪು ಗುಂಡಿ. ಅದಾದ ಮೇಲೆ ಬೇಕಾದರೆ ಅಲಾರಂ, ಕ್ಯಾಮೆರಾ. ಮುಳುಗುವವರನ್ನು ಗುರುತಿಸುವ ಕ್ಯಾಮೆರಾಗಳಿಗೆ 2017ರಿಂದ ಐ.ಎಸ್.ಒ. ಮಾನದಂಡವೇ ಉಂಟು. ಆದರೆ ಅವು ಮಾಡುವುದು ಜೀವರಕ್ಷಕನನ್ನು ಕರೆಯುವ ಕೆಲಸ. ಜೀವರಕ್ಷಕನೇ ಇಲ್ಲದ ಕಡೆ ಅದು ಕರೆಯುವುದು ಯಾರನ್ನು?

ನಾವು ಈ ಕ್ರಮವನ್ನು ತಲೆಕೆಳಗು ಮಾಡಿ ಖರ್ಚು ಮಾಡುತ್ತೇವೆ. ಮೊದಲು ಆ್ಯಪ್, ಬಣ್ಣದ ಲೈಟು. ಡ್ರೈನಿಗೆ ಬರುವಾಗ ಬಜೆಟ್ ಮುಗಿದಿರುತ್ತದೆ. ಆ ಹೋಂಸ್ಟೇಗೆ ನಾನೇ ಕೂತು ಲೆಕ್ಕ ಹಾಕಿಕೊಟ್ಟಿದ್ದೆ. ತಳ ಒಡೆದು ಎರಡನೇ ಡ್ರೈನ್ ಹಾಕಿ ಟೈಲ್ಸ್ ಮುಚ್ಚುವ ಖರ್ಚು ಆ ಲೈಟುಗಳಿಗಿಂತ ಕಡಿಮೆ ಬಂತು. "ಹೊಸ ಟೈಲ್ಸ್ ಒಡೆಯುವುದಾ?" ಅಂದರು.

ಯಂತ್ರ ಎಲ್ಲವನ್ನೂ ಮಾಡುತ್ತದೆ ಎಂದು ನಾನು ಹೇಳುವುದಿಲ್ಲ. ನಿರ್ವಾತ ಬಿಡಿಸುವ ಉಪಕರಣ ಇದ್ದರೂ ಹುಡುಗಿಯ ಉದ್ದ ಕೂದಲು ಮುಚ್ಚಳದ ಸಂದಿಯಲ್ಲಿ ಸುತ್ತಿಕೊಂಡರೆ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ತಡೆಯುವುದು ಸರಿಯಾದ ಮುಚ್ಚಳ. ಮಗು ಸುಮ್ಮನೆ ಮುಳುಗಿದರೆ ಪಂಪಿಗೆ ಏನೂ ತಿಳಿಯದು. ಅದನ್ನು ತಡೆಯುವುದು ಫೋನ್ ಕೆಳಗಿಟ್ಟು ನೀರನ್ನೇ ನೋಡುವ ದೊಡ್ಡವರ ಒಂದು ಜೊತೆ ಕಣ್ಣು. ಯಂತ್ರ ಇರುವುದು ಆ ಕಣ್ಣು ರೆಪ್ಪೆ ಮುಚ್ಚಿದ ಕ್ಷಣಕ್ಕೆ.

ಇದನ್ನು ಓದುವ ತಾಯಂದಿರಿಗೆ, ಅಣ್ಣಂದಿರಿಗೆ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಕೊಳ ಇರುವ ಮನೆ ಬುಕ್ ಮಾಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಡ್ರೈನ್ ಎಷ್ಟು, ಮುಚ್ಚಳ ಅಲ್ಲಾಡುತ್ತದಾ? ಪಂಪು ನಿಲ್ಲಿಸುವ ಸ್ವಿಚ್ ಎಲ್ಲಿ, ಒತ್ತಿ ತೋರಿಸುತ್ತೀರಾ? ಆಸಿಡ್ ಮತ್ತು ಕ್ಲೋರಿನ್ ಬೇರೆ ಬೇರೆ ಇಟ್ಟಿದ್ದೀರಾ? ಬೇಲಿ ಉಂಟಾ, ಆಳ ಬರೆದಿದ್ದೀರಾ? ಉತ್ತರ ಕೊಡಲು ತಡವರಿಸಿದರೆ ಮುಂಗಡ ಕೊಡಬೇಡಿ. ನಮ್ಮ ಊರಿನ ಮಾಲೀಕರು ನನ್ನ ಮಾತು ಕೇಳಲಿಕ್ಕಿಲ್ಲ, ನಿಮ್ಮ ಮುಂಗಡದ ಮಾತು ಖಂಡಿತ ಕೇಳುತ್ತಾರೆ. ಗಲ್ಫಿನಿಂದ ಮನೆ ಕಟ್ಟಿಸುವವರೇ, ಗುತ್ತಿಗೆದಾರ "ಅದೆಲ್ಲ ಬೇಡ, ಸುಮ್ಮನೆ ಟ್ರಿಪ್ ಆಗ್ತಾ ಇರ್ತದೆ" ಅಂದರೆ, ಅದೇ ಬೇಕು ಎಂದು ಹೇಳಿ.

ಆ ಸಂಬಂಧಿಕರು ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಅವರ ಮನೆಯಲ್ಲಿ ಮುಂದಿನ ವರ್ಷ ಮದುವೆ ಉಂಟು, ನನ್ನನ್ನು ಕರೆಯಲಿಕ್ಕಿಲ್ಲ ಎಂದು ಉಮ್ಮ ಬೇಸರ ಮಾಡಿಕೊಂಡಿದ್ದಾರೆ. ಕರೆಯದಿದ್ದರೆ ಬೇಡ. ಆ ದಿನ ಅಲ್ಲಿ ನಮ್ಮ ಕುಟುಂಬದ ಇಪ್ಪತ್ತು ಮೂವತ್ತು ಮಕ್ಕಳು ನೀರಿಗೆ ಇಳಿಯುತ್ತಾರೆ. ಅದಕ್ಕಿಂತ ಮೊದಲು ಆ ಟೈಲ್ಸ್ ಒಡೆಯಲಿ. ಒಡೆಯುವ ಕೂಲಿಗೆ ಜನ ಸಿಗದಿದ್ದರೆ ಹೇಳಿ ಕಳುಹಿಸಲಿ, ನಾನೇ ಬರುತ್ತೇನೆ.