ಹಳೆಯ ಮಾಸಪತ್ರಿಕೆಗೆ ದರ್ಜೆ ಕಟ್ಟುವುದು ಹೇಗೆ?

ಸಂಗ್ರಹಿಸುವುದು ಮನುಷ್ಯನ ಹುಟ್ಟುಗುಣವೆಂದು ತೋರುತ್ತದೆ. ಒಬ್ಬನು ನಾಣ್ಯ ಕೂಡಿಸುತ್ತಾನೆ, ಇನ್ನೊಬ್ಬನು ಅಂಚೆಚೀಟಿ ಕೂಡಿಸುತ್ತಾನೆ. ಇಬ್ಬರನ್ನೂ ನಾವು ಹವ್ಯಾಸಿಗಳೆಂದು ಗೌರವಿಸುತ್ತೇವೆ. ಆದರೆ ಯಾರಾದರೂ ಹಳೆಯ ‘ಚಂದಮಾಮ’, ಚಿತ್ರಕಥೆಯ ಪುಸ್ತಕ, ಮೂಲೆ ಮುರಿದ ಪತ್ತೇದಾರಿ ಕಾದಂಬರಿಗಳನ್ನು ಕೂಡಿಸತೊಡಗಿದರೆ, “ಇವನಿಗೆ ಬೇರೆ ಉದ್ಯೋಗವಿಲ್ಲ” ಎಂದು ಮನೆಯವರೂ, “ರದ್ದಿಗೆ ಹಾಕಬಾರದೇ?” ಎಂದು ನೆರೆಯವರೂ ಹೇಳುತ್ತಾರೆ. ಆ ರದ್ದಿಯ ಪರವಾಗಿ ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆ ೧೯೫೬ರ ನವೆಂಬರ್ ೧ರ ತನಕ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿಯ ಜನ ಎರಡು ಭಾಷೆಗಳಲ್ಲಿ ಮಾತನಾಡಿದಂತೆ ಎರಡು ಭಾಷೆಗಳಲ್ಲಿ ಓದುತ್ತಲೂ ಬಂದವರು. ಮದ್ರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ೧೯೪೭ರ ಜುಲೈಯಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭಿಸಿದ ‘ಚಂದಮಾಮ’ ೧೯೪೯ರಲ್ಲಿ ಕನ್ನಡಕ್ಕೆ ಬಂದಿತು; ೧೯೫೨ರಲ್ಲಿ ‘ಚಾಂದೋಬಾ’ ಎಂಬ ಹೆಸರಿನಿಂದ ಮರಾಠಿಗೂ ಬಂದಿತು. ಚಿತ್ರಗಳು ಅವೇ, ಕಥೆಗಳೂ ಅವೇ. ಭಾಷೆ ಮಾತ್ರ ಬೇರೆ. ಹೆಗಲ ಮೇಲೆ ಹೆಣ ಹೊತ್ತ ಅದೇ ವಿಕ್ರಮರಾಜನನ್ನು ಕನ್ನಡದ ಹುಡುಗನೂ ಮರಾಠಿಯ ಹುಡುಗನೂ ನೋಡಿ ಬೆಳೆದರು. ಹಿರಿಯರಿಗೆ ೧೯೨೦ರಿಂದ ಮರಾಠಿಯ ‘ಕಿರ್ಲೋಸ್ಕರ’ವೂ, ೧೯೫೬ರಿಂದ ಹುಬ್ಬಳ್ಳಿಯ ‘ಕಸ್ತೂರಿ’ಯೂ ಇದ್ದವು. ಗುಟ್ಟಾಗಿ ಓದುವವರಿಗೆ ಮರಾಠಿಯಲ್ಲಿ ಬಾಬುರಾವ್ ಅರ್ನಾಳಕರ, ಕನ್ನಡದಲ್ಲಿ ಎನ್. ನರಸಿಂಹಯ್ಯ ಇದ್ದರು. ೧೯೬೪ರ ಮಾರ್ಚಿನಿಂದ ೧೯೯೦ರ ತನಕ ನಡೆದ ‘ಇಂದ್ರಜಾಲ ಕಾಮಿಕ್ಸ್’ ಮುಖವಾಡದ ಫ್ಯಾಂಟಮ್‌ನನ್ನು ನಮ್ಮ ದೇಶದ ಮಕ್ಕಳಿಗೆ ಪರಿಚಯಿಸಿತು.

ಇನ್ನೊಂದು ಸಂಗತಿ ಕನ್ನಡಿಗರಾದ ನಾವು ತಿಳಿದಿರತಕ್ಕದ್ದು. ದೇಶವೆಲ್ಲ ಬಲ್ಲ ‘ಅಮರ ಚಿತ್ರ ಕಥೆ’ ಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ಪುಸ್ತಕ ವ್ಯಾಪಾರದಲ್ಲಿದ್ದ ಜಿ. ಕೆ. ಅನಂತರಾಮ್ ಅವರ ಪ್ರೇರಣೆಯಿಂದ ೧೯೬೫ರಲ್ಲಿ ಸಿಂಡ್ರೆಲಾ ಮೊದಲಾದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಬಂದವು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಯವರ ‘ಕೃಷ್ಣ’ದಿಂದ ಆರಂಭವಾದ ಇಂಗ್ಲಿಷ್ ಮಾಲೆಯ ಕ್ರಮಸಂಖ್ಯೆ ಹನ್ನೊಂದರಿಂದ ಶುರುವಾಗುವುದಕ್ಕೆ ಇದೇ ಕಾರಣ. ಆ ಮೊದಲ ಹತ್ತನ್ನು ಇಂದು ನಮ್ಮಲ್ಲಿ ಎಷ್ಟು ಮಂದಿ ಕಣ್ಣಿಂದ ಕಂಡಿದ್ದೇವೆ?

ಇವೆಲ್ಲ ಎಲ್ಲಿ ಹೋದವು? ಅರ್ಧ ಉತ್ತರ ಕಾಗದದಲ್ಲಿಯೇ ಇದೆ. ಅಗ್ಗದ ಪತ್ರಿಕೆಗಳ ಕಾಗದ ಕಟ್ಟಿಗೆಯನ್ನು ಅರೆದು ಮಾಡಿದ ಒರಟು ತಿರುಳಿನದು. ಆ ತಿರುಳಿಗೆ ಇಂಗ್ಲಿಷಿನಲ್ಲಿ ‘ಪಲ್ಪ್’ ಎನ್ನುವುದರಿಂದಲೇ ಅಮೇರಿಕೆಯ ಅಗ್ಗದ ಕಥಾಪತ್ರಿಕೆಗಳಿಗೆ ‘ಪಲ್ಪ್’ ಎಂಬ ಹೆಸರು ಬಂದಿತು. ಕಟ್ಟಿಗೆಯಲ್ಲಿರುವ ಲಿಗ್ನಿನ್ ಎಂಬ ದ್ರವ್ಯ ಬೆಳಕು-ಗಾಳಿಗಳ ಸೋಂಕಿನಿಂದ ಕಾಗದವನ್ನು ಹಳದಿ ಮಾಡುತ್ತದೆ. ಕಾಗದದಲ್ಲಿ ಹುಟ್ಟುವ ಆಮ್ಲ ಅದನ್ನು ಹಪ್ಪಳದಂತೆ ಮುರಿಯುವಂತೆ ಮಾಡುತ್ತದೆ. ಉಳಿದರ್ಧ ನಮ್ಮ ಕೈಯ ಕೆಲಸ. ರದ್ದಿಯ ತಕ್ಕಡಿಗೂ ಕಿರಾಣಿ ಅಂಗಡಿಯ ಪೊಟ್ಟಣಕ್ಕೂ ಹೋದವು ಲೆಕ್ಕವಿಲ್ಲ. ಅಳಿದುಳಿದವುಗಳಿಗೆ ನೀರಿನ ಕಾಟ. ೨೦೦೫ರಲ್ಲಿ ಒಮ್ಮೆ, ೨೦೧೯ರ ಆಗಸ್ಟಿನಲ್ಲಿ ಮತ್ತೊಮ್ಮೆ ಕೃಷ್ಣೆಯೂ ಅವಳನ್ನು ಕೂಡುವ ದೂಧಗಂಗೆ, ವೇದಗಂಗೆಗಳೂ ಉಕ್ಕಿ ನಮ್ಮ ತಾಲೂಕುಗಳ ನದೀತೀರದ ಹಳ್ಳಿಗಳಿಗೆ ನುಗ್ಗಿದವು. ಕಾಳು, ದನ, ಗೋಡೆ ಕಳೆದುಕೊಂಡವರು ಟ್ರಂಕಿನೊಳಗಿನ ಪುಸ್ತಕಕ್ಕಾಗಿ ಅಳಲಿಲ್ಲ, ಅಳಬೇಕಾಗಿಯೂ ಇರಲಿಲ್ಲ. ಆದರೆ ಆ ಟ್ರಂಕುಗಳಲ್ಲಿ ಏನಿತ್ತೆಂಬುದನ್ನು ಇನ್ನು ಯಾರೂ ಹೇಳಲಾರರು.

ಹೊರದೇಶಗಳಲ್ಲಿ ಇದೇ ರದ್ದಿಗೆ ಬಂದ ಬೆಲೆಯನ್ನು ಕೇಳಿದರೆ ನಗೆಯೂ ಬೆರಗೂ ಒಟ್ಟಿಗೇ ಬರುತ್ತವೆ. ಅಮೇರಿಕೆಯಲ್ಲಿ ೧೯೩೮ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ನ ಒಂದನೆಯ ಸಂಚಿಕೆಗೆ ಆಗ ೧೦ ಸೆಂಟು. ಅದರ ಒಂದು ಪ್ರತಿ ೨೦೧೪ರಲ್ಲಿ ೩೨ ಲಕ್ಷ ಡಾಲರುಗಳಿಗೆ ಹರಾಜಾಯಿತು. ಕಾರಣ ಸರಳ: ಅದನ್ನು ಕಾದಿಡಬೇಕೆಂದು ಆಗ ಹೆಚ್ಚು ಮಂದಿಗೆ ತೋರಲಿಲ್ಲ. ಯುದ್ಧಕಾಲದಲ್ಲಿ ಹಳೆಯ ಕಾಗದವನ್ನು ಮನೆಮನೆಯಿಂದ ಎತ್ತಿದಾಗ ಇಂಥ ಪುಸ್ತಕಗಳೂ ರಾಶಿರಾಶಿಯಾಗಿ ಹೋದವು.

ಹೀಗೆ ಬೆಲೆ ಏರಿದ ಮೇಲೆ ಪ್ರತಿಯ ಸ್ಥಿತಿಯನ್ನು ಅಳೆಯುವ ಶಾಸ್ತ್ರವೊಂದು ಅಲ್ಲಿ ಬೆಳೆಯಿತು. ಹೊದಿಕೆಯ ಹೊಳಪು, ಬೆನ್ನಿನ ಮಡಿಕೆ, ಪಿನ್ನಿನ ತುಕ್ಕು, ಹಾಳೆಯ ಬಣ್ಣ ಇವನ್ನೆಲ್ಲ ನೋಡಿ ಹತ್ತಕ್ಕೆ ಇಷ್ಟೆಂದು ಅಂಕ ಕೊಡುತ್ತಾರೆ. ಈ ಕ್ರಮದಲ್ಲಿ ‘ಗುಡ್’ ಎಂದರೆ ಒಳ್ಳೆಯದಲ್ಲ. ಹತ್ತಕ್ಕೆ ಎರಡು ಅಂಕ ಪಡೆದ, ಚೆನ್ನಾಗಿ ಸವೆದ ಪ್ರತಿ! ೨೦೦೦ದಲ್ಲಿ ಆರಂಭವಾದ ಸಿ.ಜಿ.ಸಿ. ಎಂಬ ಸಂಸ್ಥೆ ಅಂಕ ಕೊಟ್ಟು, ಪುಸ್ತಕವನ್ನು ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ ಕಳುಹಿಸುತ್ತದೆ.

ದರ್ಜೆ ಕಟ್ಟುವುದು ನಮಗೆ ಹೊಸತಲ್ಲ. ನಿಪ್ಪಾಣಿಯ ವ್ಯಾಪಾರಿ ತಂಬಾಕಿನ ಬಣ್ಣ, ಘಾಟು ನೋಡಿಯೇ ದರ ಹೇಳುತ್ತಾನೆ. ಬೆಲ್ಲದ ಪೆಂಟೆಯ ಬಣ್ಣ ಕಂಡೊಡನೆ ಅಡತಿಯವನಿಗೆ ಅದರ ಯೋಗ್ಯತೆ ತಿಳಿಯುತ್ತದೆ. ಹಳೆಯ ಪುಸ್ತಕಕ್ಕೂ ಅಂಥ ಅಳತೆ ಇರಲಿ ಎಂಬುದಕ್ಕೆ ನನ್ನ ಒಪ್ಪಿಗೆಯಿದೆ. ನಡುವಿನ ಎರಡು ಹಾಳೆ ಇಲ್ಲವೆಂದೂ, ಹರಿದ ಹೊದಿಕೆಯನ್ನು ಅಂಟಿಸಲಾಗಿದೆಯೆಂದೂ ಮುಚ್ಚದೆ ಹೇಳುವುದು ಪ್ರಾಮಾಣಿಕತೆ. ದರ್ಜೆ ಕಟ್ಟುವವನು ಪುಸ್ತಕವನ್ನು ಹಾಳೆ ಹಾಳೆಯಾಗಿ ನೋಡಲೇಬೇಕಾಗುತ್ತದೆ. ಅಂಥ ನೋಟ ನಮ್ಮ ಪಠ್ಯಪುಸ್ತಕಗಳಿಗೂ ದೊರೆಯುವುದು ಅಪರೂಪ.

ಆದರೆ ಆ ಅಳತೆಗೋಲನ್ನು ಹಾಗೆಯೇ ತಂದು ಇಲ್ಲಿ ಊರುವುದಕ್ಕೆ ನನ್ನ ವಿರೋಧವಿದೆ. ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಮೇಲಿನ ಪ್ರತಿಯೆಂದರೆ ಯಾರೂ ಓದದೆ ಬಿಟ್ಟ ಪ್ರತಿ. ಕೈ ಸೋಕಿದಷ್ಟೂ ಅಂಕ ಕಡಿಮೆ. ನಮ್ಮಲ್ಲಿ ಒಂದು ಸಂಚಿಕೆಯನ್ನು ಒಬ್ಬನೇ ಓದಿ ಇಟ್ಟದ್ದುಂಟೇ? ನನ್ನ ಹತ್ತಿರವಿರುವ ಅರುವತ್ತರ ದಶಕದ ‘ಚಂದಮಾಮ’ವೊಂದರ ಹೊದಿಕೆಯ ಮೇಲೆ ಹಳ್ಳಿಯ ವಾಚನಾಲಯವೊಂದರ ನೀಲಿ ಶಿಕ್ಕೆಯಿದೆ. ಬೆನ್ನಿಗೆ ಗೋಣಿಯ ದಾರದ ಹೊಲಿಗೆಯಿದೆ. ಒಳಪುಟದಲ್ಲಿ ಮೂರು ಕೈಬರಹಗಳಲ್ಲಿ ಮೂರು ಹೆಸರುಗಳಿವೆ: ಎರಡು ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಹೊರದೇಶದ ಪರೀಕ್ಷಕನ ಕೈಯಲ್ಲಿ ಈ ಪ್ರತಿ ಹತ್ತಕ್ಕೆ ಒಂದು ಅಂಕ ಗಳಿಸಿದರೆ ಹೆಚ್ಚು. ಆದರೆ ಒಂದು ಹಳ್ಳಿಯಲ್ಲಿ ವಾಚನಾಲಯವಿತ್ತು, ಮರಾಠಿಯಲ್ಲಿ ಹೆಸರು ಬರೆಯುವ ಹುಡುಗನೂ ಕನ್ನಡದ ಪತ್ರಿಕೆಯನ್ನು ಕೈಗೆತ್ತಿಕೊಳ್ಳುತ್ತಿದ್ದನು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಸಿಕ್ಕಿಲ್ಲ. ಅಲ್ಲಿ ದೋಷವೆನಿಸಿಕೊಂಡದ್ದು ಇಲ್ಲಿ ದಾಖಲೆಯಾಗುತ್ತದೆ.

ಆದ್ದರಿಂದ ನನ್ನ ಸೂಚನೆ ಇದು: ನಮ್ಮ ಅಳತೆಗೆ ಎರಡು ಅಂಕಣಗಳಿರಲಿ. ಮೊದಲನೆಯದರಲ್ಲಿ ಪ್ರತಿಯ ಸ್ಥಿತಿ: ಅಖಂಡ, ಸವೆದದ್ದು, ಹರಿದದ್ದು, ಪುಟ ಕಳೆದದ್ದು, ಮುಟ್ಟಿದರೆ ಪುಡಿಯಾಗುವುದು ಎಂದು ಐದು ದರ್ಜೆ ಸಾಕು. ಎರಡನೆಯದರಲ್ಲಿ ಅದರ ಗುರುತುಗಳು: ಶಿಕ್ಕೆ, ಹೆಸರು, ತಾರೀಖು, ಅಂಗಡಿಯ ಚೀಟಿ, ಅಂಚಿನಲ್ಲಿ ಬರೆದ ಮಾತು. ಮೊದಲನೆಯದು ಕಾಗದದ ಆಯುಷ್ಯ ಹೇಳುತ್ತದೆ. ಎರಡನೆಯದು ಓದಿದವರ ಸುದ್ದಿ ಹೇಳುತ್ತದೆ. ಒಂದು ನೋಟುಬುಕ್ಕು, ಒಂದು ಪೆನ್ಸಿಲು ಇದ್ದರೆ ಯಾವ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲನು.

ನಮ್ಮ ಅಧ್ಯಾಪಕರಲ್ಲಿ ಕೆಲವರು ಇದಕ್ಕೆ ಮುಗುಳ್ನಗಬಹುದು. ಪಂಪ-ಕುಮಾರವ್ಯಾಸರ ಗ್ರಂಥಗಳಿಗೇ ಕಪಾಟು ಸಾಲದಿರುವಾಗ ಪತ್ತೇದಾರಿ ಕಾದಂಬರಿಗೆ ಎಲ್ಲಿಯ ಜಾಗ ಎಂದು ಅವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನನ್ನ ಉತ್ತರ ಇಷ್ಟು. ಪಂಪನನ್ನು ಕಾಯುವವರು ಅನೇಕರಿದ್ದಾರೆ. ಹೊಸ ಮುದ್ರಣಗಳೂ ಬರುತ್ತವೆ. ಆದರೆ ಮೂಲೆ ಮುರಿದ ಕಾದಂಬರಿ ಒಮ್ಮೆ ಹೋದರೆ ಹೋಯಿತು. ಕನ್ನಡದ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಆ ಬರವಣಿಗೆಯನ್ನು ಕೀಳೆಂದು ತಳ್ಳಿದರೆ ಓದುವ ರೂಢಿ ಮನೆಮನೆಗೆ ಹೇಗೆ ಹೊಕ್ಕಿತೆಂಬುದು ನಮಗೆ ತಿಳಿಯದೇ ಹೋದೀತು. ಅಮೇರಿಕೆಯಲ್ಲಿಯೂ ೧೯೫೪ರಲ್ಲಿ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸುಗಳಿಂದ ಮಕ್ಕಳು ಕೆಡುತ್ತಾರೆಂದು ಪುಸ್ತಕವನ್ನೇ ಬರೆದರು. ಇಂದು ಅಲ್ಲಿಯ ವಿಶ್ವವಿದ್ಯಾಲಯಗಳು ಅದೇ ಕಾಮಿಕ್ಸುಗಳನ್ನು ಜೋಪಾನವಾಗಿ ಕಾದಿಡುತ್ತಿವೆ.

ಕಾಯುವ ರೀತಿಯೂ ಕಠಿನವಲ್ಲ. ಹರಿದಲ್ಲಿ ಸೆಲೋಟೇಪು ಹಚ್ಚಬಾರದು. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದು ಕಲೆಯಾಗಿ ಉಳಿಯುತ್ತದೆ. ಲ್ಯಾಮಿನೇಷನ್ ಮಾಡಿಸಬಾರದು. ಬೈಂಡಿಂಗಿಗೆ ಕೊಟ್ಟರೆ ಅಂಚು ಕತ್ತರಿಸಬೇಡಿರೆಂದು ಹೇಳಬೇಕು, ಇಲ್ಲವಾದರೆ ಅಂಚಿನ ಬರಹ ಕತ್ತರಿಯ ಪಾಲು. ಬಿಸಿಲು ಬೀಳದ, ನೆಲದಿಂದ ಎತ್ತರವಾದ ಜಾಗದಲ್ಲಿ ಅಡ್ಡಲಾಗಿ ಮಲಗಿಸಿಡಬೇಕು. ಹೊಳೆಸಾಲಿನ ಊರವರಿಗೆ ಎತ್ತರದ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯದಾಗಿ ಒಂದು ಬಿನ್ನಹ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಇಂಥ ಪತ್ರಿಕೆಗಳಿಗೆ ಒಂದೇ ಒಂದು ಕಪಾಟನ್ನು ಬಿಟ್ಟುಕೊಡಬೇಕೆಂದು ಪ್ರಾಚಾರ್ಯರಲ್ಲಿ ಕೇಳಿಕೊಳ್ಳುತ್ತೇನೆ. ಅದು ಬೀಗ ಹಾಕಿ ಪೂಜಿಸುವ ಕಪಾಟಾಗದಿರಲಿ. ಕುಳಿತು ಓದಲಿಕ್ಕೆ ಸಿಗುವಂತಿರಲಿ. ವಿದ್ಯಾರ್ಥಿ ಮಿತ್ರರು ದೀಪಾವಳಿಗೆ ಮನೆ ಸಾರಿಸಿ ಸ್ವಚ್ಛ ಮಾಡುವಾಗ ಅಟ್ಟದ ಮೇಲಿನ ಗಂಟನ್ನು ಬಿಚ್ಚಿ ನೋಡಲಿ. ಅಜ್ಜ-ಅಜ್ಜಿಯರನ್ನು ಕೇಳಿ, ಯಾರು ತಂದರು, ಎಷ್ಟು ಕೊಟ್ಟರು, ಯಾರು ಯಾರಿಗೆ ಓದಿ ಹೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳಲಿ. ‘ಚಂದಮಾಮ’ದ ಫೋಟೋ ಶೀರ್ಷಿಕೆಯ ಸ್ಪರ್ಧೆಯಲ್ಲಿ ಗೆದ್ದವರ ಹೆಸರು, ಊರುಗಳು ಅಚ್ಚಾಗುತ್ತಿದ್ದವು; ಅವುಗಳಲ್ಲಿ ನಮ್ಮ ಸೀಮೆಯ ಊರೂ ಇದ್ದೀತು. ಹುಡುಕಿ ನೋಡುವ ಮೊದಲೇ ಅದು ತಕ್ಕಡಿಗೆ ಏರದಿರಲಿ.